ಎರಡು ರಿಂಗು

ಟವರಕ್ಕನ ಅಂಗಡಿಯನ್ನು ಅಂಗಡಿ ಎನ್ನುವುದು ಬಾಯಿಮಾತಿಗೆ. ಚಪ್ಪಲಿ ಅಂಗಡಿಗೂ ಔಷಧಿ ಅಂಗಡಿಗೂ ನಡುವೆ, ಮಹಡಿಗೆ ಹತ್ತುವ ಮೆಟ್ಟಿಲಿನ ಅಡಿಯಲ್ಲಿ ಒಂದಿಷ್ಟು ಜಾಗ. ಕೂತರೆ ಸರಿ, ಮೈಮರೆತು ಎದ್ದು ನಿಂತರೆ ಮೆಟ್ಟಿಲು ನೆತ್ತಿಗೆ ಬಡಿದು ಮತ್ತೆ ಕೂರಿಸುತ್ತದೆ. ಒಂದು ಮೇಜು, ಕತ್ತು ಬಗ್ಗಿಸಿದ ದೀಪ, ಸಾಸಿವೆ ಕಾಳಿನಷ್ಟು ಸಣ್ಣ ಸ್ಕ್ರೂಗಳ ಡಬ್ಬಿ, ಹಲ್ಲುಜ್ಜಿ ಸವೆದ ಬ್ರಷ್ಷು, ಪೆನ್ಸಿಲ್ ಅಳಿಸುವ ರಬ್ಬರು. ಇಷ್ಟೇ ಸರಂಜಾಮು. ಟವರ್ ಸಿಗ್ತಿಲ್ಲ ಎಂದು ಗೋಳಾಡಿಕೊಂಡು ಬಂದವರಿಗೆಲ್ಲ ಟವರ್ ಕೊಡಿಸಿ ಕಳಿಸುವವಳು, ಹಾಗಾಗಿ ಟವರಕ್ಕ. ಅವಳಿಗಿಂತ ಹಿರಿಯರೂ ಅಕ್ಕ ಎಂದೇ ಕರೆಯುತ್ತಿದ್ದರು.

ಫೋನು ಕೈಕೊಟ್ಟವನಷ್ಟು ಅನಾಥ ಮನುಷ್ಯ ಬೇರೆ ಇಲ್ಲ, ಇದು ಅವಳ ಮಾತು. ಬರುವಾಗಲೇ ಮುಖ ಸಣ್ಣಗೆ ಮಾಡಿಕೊಂಡು ಬರುತ್ತಾರೆ. ದರ್ಜಿ ಬಂದು, ನಾನು ಮಾತಾಡೋದು ಯಾರಿಗೂ ಕೇಳಿಸ್ತಿಲ್ಲ ಎಂದರೆ, ಇವಳು ಫೋನಿನ ಕೆಳಗಿನ ಸಣ್ಣ ತೂತಿಗೆ ಬ್ರಷ್ಷು ಆಡಿಸಿ ಒಂದು ಉಂಡೆ ದಾರದ ಧೂಳು ತೆಗೆದು ತೋರಿಸುವಳು. "ಜೇಬಲ್ಲಿ ಇಷ್ಟು ಹತ್ತಿ ತುಂಬಿದ್ರೆ ಅದಕ್ಕೆ ಬಾಯಿ ಎಲ್ಲಿ ಬರುತ್ತೆ?" ಬ್ರೆಡ್ಡು ಸುಡುವವನು ಬಂದು, ಬೆಳಗಿನಿಂದ ಒಂದು ಕಾಲೂ ಬಂದಿಲ್ಲ, ಸಿಮ್ ಸತ್ತಿದೆ ಎಂದರೆ, "ಸಿಮ್ ಸತ್ತಿಲ್ಲ, ನಿಮ್ಮ ಫೋನು ವಿಮಾನ ಹತ್ತಿತ್ತು. ಇಳಿಸಿದ್ದೀನಿ, ತಗೊಳ್ಳಿ" ಎನ್ನುವಳು. ಸಿಮ್ ತೆಗೆದು ಅದರ ಹಳದಿ ಮುಖವನ್ನು ರಬ್ಬರಿನಿಂದ ಉಜ್ಜಿ ಹಾಕುವುದು, ಫೋನು ಆರಿಸಿ ಒಂದು ಗಳಿಗೆ ಬಿಟ್ಟು ಹಚ್ಚುವುದು, ಇಷ್ಟರಲ್ಲೇ ಅರ್ಧ ಊರಿನ ರೋಗ ವಾಸಿಯಾಗುತ್ತಿತ್ತು. ಬ್ಯಾಟರಿಯ ಅನುಮಾನ ಬಂದರೆ ಅದನ್ನು ಮೇಜಿನ ಮೇಲಿಟ್ಟು ಬೆರಳಿನಿಂದ ತಿರುಗಿಸುವಳು. ಒಳ್ಳೆಯ ಬ್ಯಾಟರಿ ಮೇಜಿಗೆ ಅಂಟಿ ಕೂರುತ್ತದೆ. ಹೊಟ್ಟೆ ಉಬ್ಬಿದ್ದಾದರೆ ಬುಗುರಿಯ ಹಾಗೆ ತಿರುಗುತ್ತದೆ. ತಿರುಗಿತೋ, ಅದರ ಕಥೆ ಮುಗಿಯಿತು.

ಇಷ್ಟಕ್ಕೂ ಬಗ್ಗದ ರೋಗಗಳಿಗೆ ಅವಳದೊಂದು ನಿಯಮವಿತ್ತು. ತೊಂದರೆ ಎಲ್ಲಿ ಆಗುತ್ತದೋ ಅಲ್ಲೇ ಹೋಗಿ ನೋಡಬೇಕು. ಇಸ್ತ್ರಿ ಮಾಡುವ ಹೆಂಗಸೊಬ್ಬಳ ಫೋನು ಅಂಗಡಿಯಲ್ಲಿ ಗಿಣಿಯ ಹಾಗೆ ಮಾತಾಡುತ್ತಿತ್ತು, ಮನೆಗೆ ಹೋದರೆ ಮೂಗಿ. ಟವರಕ್ಕ ಅವಳ ಮನೆಗೇ ಹೋದಳು. ನೋಡಿದರೆ, ಫೋನಿಡುವ ಗೂಡಿನ ಮುಂದೆ ಒಂದು ಕಬ್ಬಿಣದ ಬೀರು ಪೈಲ್ವಾನನ ಹಾಗೆ ನಿಂತಿದೆ. "ಫೋನಿಗೇನೂ ಆಗಿಲ್ಲ, ನಿಮ್ಮ ಬೀರು ಅಡ್ಡ ಬಂದಿದೆ" ಎಂದು ಫೋನನ್ನು ಕಿಟಕಿಗೆ ಸಾಗಿಸಿ ಬಂದಳು. ಅಂಗಡಿಯಲ್ಲಿ ಕೂತು ಹೇಳಿದ್ದೆಲ್ಲ ಬರೀ ಊಹೆ, ಜಾಗ ನೋಡಿದ ಮೇಲೆ ಹೇಳಿದ್ದು ನಿಜ ಎನ್ನುವಳು. ಈ ನಿಯಮ ಒಂದು ದಿನ ತನ್ನ ಕೊರಳಿಗೇ ಸುತ್ತಿಕೊಳ್ಳುತ್ತದೆ ಎಂದು ಅವಳಿಗೆ ಗೊತ್ತಿರಲಿಲ್ಲ, ಪಾಪ.

ಗಂಡನನ್ನು ಊರೆಲ್ಲ ನೀರಣ್ಣ ಎನ್ನುತ್ತಿತ್ತು. ಊರಾಚೆಯ ಪಂಪ್‌ಹೌಸಿನಲ್ಲಿ ಅವನದು ಒಂಟಿ ಕೆಲಸ. ಬೆಳಿಗ್ಗೆ ಸೈಕಲ್ಲಿನಲ್ಲಿ ಹೋಗಿ, ಪಂಪು ಹಚ್ಚಿ, ದೊಡ್ಡ ಚಕ್ರ ತಿರುಗಿಸಿದನೆಂದರೆ ಊರಿನ ನಲ್ಲಿಗಳಲ್ಲಿ ನೀರು. ಮಾತು ಕಡಿಮೆ, ನಗು ಜಾಸ್ತಿ. ಟವರಕ್ಕ ಮೊಟ್ಟಮೊದಲು ಬಿಚ್ಚಿದ್ದು ಅವನ ಫೋನನ್ನೇ. ಮದುವೆಯಾದ ಹೊಸತರಲ್ಲಿ ಅದು ತೊಟ್ಟಿಗೆ ಬಿದ್ದಿತ್ತು. ಇವಳು ಹಟಕ್ಕೆ ಬಿದ್ದು ತುಂಡು ತುಂಡಾಗಿ ಬಿಚ್ಚಿ, ಬಿಸಿಲಿಗೆ ಹರವಿ, ಮತ್ತೆ ಜೋಡಿಸಿದ್ದಳು. ಅದು ಬದುಕಿತು. "ನಿನ್ನ ಕೈಗುಣ ಚೆನ್ನಾಗಿದೆ" ಎಂದು ಅವನೇ ಈ ಮೆಟ್ಟಿಲ ಕೆಳಗಿನ ಜಾಗ ಹುಡುಕಿ ಕೊಟ್ಟಿದ್ದ.

ಆ ಕಾಲದಲ್ಲೇ ಶುರುವಾದದ್ದು ಎರಡು ರಿಂಗಿನ ಪದ್ಧತಿ. ಪಂಪ್‌ಹೌಸ್ ಮುಟ್ಟಿದ ಕೂಡಲೇ ಅವನು ಫೋನು ಮಾಡಿ, ಎರಡು ರಿಂಗಾದ ಮೇಲೆ ಕತ್ತರಿಸಬೇಕು. ಎರಡು ರಿಂಗೆಂದರೆ, ತಲುಪಿದೆ. ಇವಳು ಎತ್ತಬಾರದು. ಮಾತಿಗೆ ದುಡ್ಡು ಬೀಳುತ್ತಿದ್ದ ಕಾಲದ ಉಪಾಯ ಅದು, ಮಾತು ಅಗ್ಗವಾದ ಮೇಲೂ ಬಿಡಲಿಲ್ಲ. ಒಮ್ಮೆ ಯಾವುದೋ ಗಡಿಬಿಡಿಯಲ್ಲಿ ಇವಳು ಎತ್ತಿಬಿಟ್ಟಿದ್ದಕ್ಕೆ ಅವನು, "ಎತ್ತಿದ್ಯಾಕೆ? ಮನೇಲಿ ಏನಾಯ್ತೋ ಅಂತ ನನ್ನ ಎದೆ ಧಸಕ್ ಅಂತು" ಎಂದು ರೇಗಿದ್ದ. ಅಲ್ಲಿಂದೀಚೆಗೆ ಅವಳು ಎತ್ತಿದವಳೇ ಅಲ್ಲ. ಅವನಿಗೆಂದೇ ಒಂದು ರಿಂಗು ಇಟ್ಟಿದ್ದಳು, ಹಳೆಯ ಗೋಡೆ ಗಡಿಯಾರದ ಗಂಟೆಯಂಥದು. ಅಂಗಡಿ ತೆರೆಯುವ ಮೊದಲು, ಮನೆಯಲ್ಲೇ ಇರುವಾಗ ಅದು ಬರುತ್ತಿತ್ತು.

ಆ ಎರಡು ಗಂಟೆಗಾಗಿ ಕಾಯುವವರು ಇನ್ನೊಬ್ಬರಿದ್ದರು. ಅತ್ತೆ. ಬಾಯಿ ಜೋರು, ಮೊಣಕಾಲು ಮೆತ್ತಗೆ. ಮಗ ಹೊರಟ ಮೇಲೆ ಟೀ ಲೋಟ ಮುಂದಿಟ್ಟುಕೊಂಡು ಕೂರುವರು, ಕುಡಿಯುವುದಿಲ್ಲ. ಎರಡು ರಿಂಗು ಬಂದು ನಿಂತ ಮೇಲೆ, "ತಲುಪಿದ" ಎಂದು ಒಂದು ಮಾತು ಹೇಳಿ ಲೋಟ ಎತ್ತುವರು. ಎಷ್ಟೋ ವರ್ಷ ಆ ಮನೆಯಲ್ಲಿ ಬೆಳಗಾದದ್ದು ಆ ಮಾತಿನಿಂದ.

ಮನೆಗೆ ಮಾರಿ, ಊರಿಗೆ ಉಪಕಾರಿ ಎನ್ನುತ್ತಾರಲ್ಲ, ಅತ್ತೆ ಸೊಸೆಯನ್ನು ಕೆಣಕುತ್ತಿದ್ದದ್ದು ಈ ಗಾದೆಯಿಂದಲೇ. ಊರಿನವರ ಫೋನೆಲ್ಲ ಫಳಫಳ, ಗಂಡನ ಫೋನಿನ ಬೆನ್ನಿಗೆ ರಬ್ಬರ್ ಬ್ಯಾಂಡ್. ಅವನೂ ಹೇಳಿದ್ದ: "ಇದು ಪಂಪ್‌ಹೌಸಿಗೆ ಹೋದ್ರೆ ಒಂದೊಂದ್ಸಲ ತಾನಾಗೇ ಆರಿಹೋಗುತ್ತೆ ಕಣೆ." ಇವಳು ಬ್ಯಾಟರಿ ತೆಗೆದು ಮೇಜಿನ ಮೇಲೆ ತಿರುಗಿಸಿದಳು. ತಿರುಗಿತು. "ಇದರ ಕಥೆ ಮುಗೀತು. ಹೊಸದು ತರಿಸ್ತೀನಿ" ಎಂದಳು, ತರಿಸಿದಳು ಕೂಡ. ಬ್ಯಾಟರಿ ಬಂದ ದಿನವೇ ಒಬ್ಬಾಕೆ ಓಡಿಬಂದಳು. ಮಗಳು ತುಂಬು ಬಸುರಿ, ಇವತ್ತೋ ನಾಳೆಯೋ ಅನ್ನುವ ಹಾಗಿದೆ, ಫೋನಿನಲ್ಲಿ ಚಾರ್ಜು ನಿಲ್ಲುತ್ತಿಲ್ಲ. ಅದೇ ಜಾತಿಯ ಬ್ಯಾಟರಿ. ಟವರಕ್ಕ ಗಂಡನಿಗೆಂದು ಎತ್ತಿಟ್ಟಿದ್ದನ್ನು ತೆಗೆದು ಅವಳದಕ್ಕೆ ಹಾಕಿ ಕಳಿಸಿದಳು. ಸಂಜೆ ಗಂಡನಿಗೆ, "ನಿಮಗೆ ಮುಂದಿನ ಸಲ" ಎಂದಳು. ಅವನು ನಕ್ಕು, "ಆಗ್ಲಿ, ನಾನೇನು ಹೆರೋಕೆ ಹೋಗ್ತಿದ್ದೀನಾ?" ಎಂದ. ಮೂವರೂ ನಕ್ಕರು.

ಆ ಬೆಳಿಗ್ಗೆ ರಿಂಗು ತಡವಾಗಿ ಬಂತು. ಟೈರು ಪಂಕ್ಚರ್ ಆಗಿರಬೇಕು ಎಂದುಕೊಂಡಳು. ಅತ್ತೆಯ ಟೀ ಆರಿತು, ಬಿಸಿ ಮಾಡಿ ತಂದಿಟ್ಟಳು, ಮತ್ತೆ ಆರುತ್ತಾ ಬಂತು. ಆಗ ಬಂತು ಗಡಿಯಾರದ ಗಂಟೆ. ಒಂದು. ಎರಡು. ನಿಂತಿತು. "ತಲುಪಿದ" ಎಂದರು ಅತ್ತೆ. ಟವರಕ್ಕ ಬ್ಯಾಗು ಹೆಗಲಿಗೇರಿಸಿ ಅಂಗಡಿಗೆ ಹೊರಟಳು.

ಅವತ್ತು ನಲ್ಲಿಯಲ್ಲಿ ನೀರು ಬರಲಿಲ್ಲ. ಜನ ಬಿಂದಿಗೆ ಹಿಡಿದು ಗೊಣಗಿದರು, ನೀರಣ್ಣ ಎಲ್ಲಿ ನಿದ್ದೆ ಹೊಡೀತಿದ್ದಾನೋ ಎಂದು ತಮಾಷೆಯನ್ನೂ ಮಾಡಿದರು. ಮಧ್ಯಾಹ್ನ ಯಾರೋ ಹೋಗಿ ನೋಡಿದರೆ, ಸೈಕಲ್ಲು ಸ್ಟ್ಯಾಂಡಿನ ಮೇಲಿತ್ತು, ಪಂಪ್‌ಹೌಸಿನ ಬೀಗ ಹಾಕಿದಂತೆಯೇ ಇತ್ತು, ಹೊರಗಿನ ಸಿಮೆಂಟ್ ಕಟ್ಟೆಯ ಮೇಲೆ ಗೋಡೆಗೆ ಒರಗಿ ನೀರಣ್ಣ ಕೂತಿದ್ದ. ಕೈಯಲ್ಲಿ ಫೋನಿತ್ತು. ಫೋನು ಆರಿತ್ತು. ಎದೆ ನಿಂತು ಹೋಗಿದೆ, ಬೆಳಿಗ್ಗೆಯೇ ಆಗಿದೆ ಎಂದರು ಡಾಕ್ಟರು. ಪಕ್ಕದಲ್ಲಿ ಯಾರಾದರೂ ಇದ್ದಿದ್ದರೆ ಎಂದು ಕೇಳಿದ್ದಕ್ಕೆ, ಹೇಳೋಕಾಗಲ್ಲ ಎಂದರು.

ಮಾತಾಡಿಸಲು ಬಂದವರಿಗೆಲ್ಲ ಅತ್ತೆ ಒಂದೇ ಮಾತು ಹೇಳಿದರು. "ತಲುಪಿದೆ ಅಂತ ನಮಗೆ ಹೇಳಿಯೇ ಹೋದ ನನ್ನ ಮಗ. ನರಳಲಿಲ್ಲ, ಒದ್ದಾಡಲಿಲ್ಲ. ಸೈಕಲ್ ನಿಲ್ಲಿಸ್ದ, ಎರಡು ರಿಂಗ್ ಕೊಟ್ಟ, ಕೂತ, ಹೋದ." ಕೇಳಿದವರು ತಲೆಯಾಡಿಸಿದರು. ಪುಣ್ಯವಂತ, ಹೂವಿನ ಹಾಗೆ ಹೋದ ಎಂದರು. ಆ ಎರಡು ರಿಂಗು ಊರಿಗೆಲ್ಲ ಸಮಾಧಾನವಾಯಿತು. ಟವರಕ್ಕನಿಗೆ ಮಾತ್ರ ಆಗಲಿಲ್ಲ. ಏಕೆಂದರೆ ಆ ಬ್ಯಾಟರಿ ಮೇಜಿನ ಮೇಲೆ ಬುಗುರಿಯಂತೆ ತಿರುಗಿದ್ದನ್ನು ನೋಡಿದ್ದವಳು ಅವಳೊಬ್ಬಳೇ. ಎರಡು ರಿಂಗಾದ ಮೇಲೆ ಫೋನನ್ನು ಕತ್ತರಿಸಿದ್ದು ಅವನೋ, ಬ್ಯಾಟರಿಯೋ? ತಲುಪಿದೆ ಎಂದು ಹೇಳಿದ್ದೋ, ಎದೆ ಹಿಡಿದುಕೊಂಡು ತನ್ನನ್ನು ಕರೆದದ್ದೋ? ಕರೆದಿದ್ದರೆ, ಅವನು ಕರೆಯುತ್ತಿದ್ದ ಹೊತ್ತಿಗೆ ತಾನು ಫೋನನ್ನು ಕೈಯಲ್ಲೇ ಹಿಡಿದುಕೊಂಡು, ನಿಲ್ಲಲಿ ಎಂದು ಕಾಯುತ್ತಾ ನಿಂತಿದ್ದಳು.

ಇದನ್ನು ಯಾರಿಗೆ ಹೇಳುವುದು? ಅತ್ತೆಯ ಜೀವ ಹಿಡಿದಿರುವುದೇ ಆ ಎರಡು ರಿಂಗಿನ ಮೇಲೆ. ಸೊಸೆ ನುಂಗಿಕೊಂಡಳು. ಗಂಡನ ಫೋನನ್ನು ಅಂಗಡಿಯ ಮೇಜಿನ ಖಾನೆಯಲ್ಲಿ, ಹಾಳಾದ ಚಾರ್ಜರುಗಳ ಕೆಳಗೆ ತುರುಕಿದಳು. ಊರಿನ ಫೋನುಗಳ ಹೊಟ್ಟೆ ಸೀಳುವವಳಿಗೆ ಅದೊಂದನ್ನು ಮುಟ್ಟಲು ಕೈ ಬರಲಿಲ್ಲ.

ಕೆಲಸಕ್ಕೇನೋ ಬಂದಳು, ಆದರೆ ಬೇರೆಯವಳಾಗಿ ಬಂದಳು. ತಮಾಷೆ ನಿಂತಿತು. ತನ್ನ ಫೋನು ಕುಯ್ ಎನ್ನುವಷ್ಟರಲ್ಲಿ ಎತ್ತುವಳು, ಕೈಯಲ್ಲಿ ಬೆಸುಗೆ ಹಾಕುವ ಬಿಸಿ ಕಡ್ಡಿಯಿದ್ದರೂ ಬಿಸಾಕಿ ಎತ್ತುವಳು. ಸಾಲ ಬೇಕಾ ಎಂದು ಕೇಳುವ ಹುಡುಗಿಯರ ಕರೆಯನ್ನೂ ಕೊನೆಯವರೆಗೆ ಕೇಳುವಳು. ಒಂದು ದಿನ ಲಾರಿ ಡ್ರೈವರನ ಹೆಂಡತಿ ಹಾಡು ಹಾಕುವ ಸ್ಪೀಕರು ಕೆಟ್ಟಿತೆಂದು ಹಿಡಿದು ಬಂದಿದ್ದಾಗ ಆ ಹೆಂಗಸಿನ ಫೋನು ರಿಂಗಾಯಿತು. ಅವಳು ನೋಡಿ ಮುಗುಳ್ನಕ್ಕು ಹಾಗೇ ಮೇಜಿನ ಮೇಲಿಟ್ಟಳು.

"ಎತ್ತು" ಎಂದಳು ಟವರಕ್ಕ.

"ನಮ್ಮವರ ಮಿಸ್ ಕಾಲ್ ಅಕ್ಕ. ಊಟ ಆಯ್ತು ಅಂತ. ಎತ್ತಬಾರದು."

"ಎತ್ತು ಅಂದ್ನಲ್ಲ."

ದನಿಗೆ ಬೆದರಿ ಆ ಹೆಂಗಸು ಎತ್ತಿದಳು. ಆ ಕಡೆಯವನು ಏನಾಯ್ತು, ಏನಾಯ್ತು ಎಂದು ಗಾಬರಿಯಿಂದ ಕೂಗುವುದು ಮೆಟ್ಟಿಲ ಕೆಳಗೆಲ್ಲ ಕೇಳಿಸಿತು. ಏನೂ ಇಲ್ಲ, ಸುಮ್ನೆ ಎತ್ತಿದೆ ಎಂದು ಅವಳು ನಾಚಿಕೊಂಡು ಹೇಳಿದಳು. ಟವರಕ್ಕ ಮುಖ ಆ ಕಡೆ ತಿರುಗಿಸಿ ಸ್ಕ್ರೂ ಹುಡುಕುತ್ತಿದ್ದಳು, ಡಬ್ಬಿಯ ತುಂಬ ಸ್ಕ್ರೂ ಇದ್ದರೂ ಒಂದೂ ಕಾಣುತ್ತಿರಲಿಲ್ಲ.

ಹೀಗೇ ದಿನ ನೂಕುತ್ತಿರುವಾಗ ಒಂದು ಬೆಳಿಗ್ಗೆ ಅತ್ತೆ ತಾವಾಗಿಯೇ ಮೊಣಕಾಲು ಎಳೆದುಕೊಂಡು ಅಂಗಡಿಗೆ ಬಂದರು. ಗಿರಾಕಿಗಳ ಸ್ಟೂಲಿನ ಮೇಲೆ ಕೂತು, ಉಸಿರು ಸರಿಮಾಡಿಕೊಂಡು, "ಅವನ ಫೋನು ಸರಿ ಮಾಡಿಕೊಡು. ಇನ್ನು ಮೇಲೆ ನಾನು ಇಟ್ಕೋತೀನಿ" ಎಂದರು.

"ಅದು ಹಳೇದು ಅತ್ತೆ. ನಿಮಗೆ ಬೇರೆ ಒಳ್ಳೇದು ಕೊಡ್ತೀನಿ."

"ಒಳ್ಳೇದು ನನಗ್ಯಾಕೆ? ಅವನು ಹಿಡಿದಿದ್ದು ಬೇಕು. ಊರಿನವರದ್ದೆಲ್ಲ ಮಾಡ್ತೀಯ, ಇದೊಂದು ಮಾಡೋಕೆ ನಿನಗೇನು ಕಷ್ಟ?"

ತಪ್ಪಿಸಿಕೊಳ್ಳಲು ದಾರಿಯಿರಲಿಲ್ಲ. ಖಾನೆ ಎಳೆದು, ಚಾರ್ಜರು ಸರಿಸಿ, ಫೋನು ತೆಗೆದಳು. ರಬ್ಬರ್ ಬ್ಯಾಂಡಿಗೆ ಅವನ ಸೈಕಲ್ಲಿನ ಎಣ್ಣೆ ಇನ್ನೂ ಅಂಟಿತ್ತು. ಬೇರೆ ಯಾರದಾದರೂ ಆಗಿದ್ದರೆ ಹೊಸ ಬ್ಯಾಟರಿ ಹಾಕಿ ಗಳಿಗೆಯಲ್ಲಿ ಮುಗಿಸುತ್ತಿದ್ದಳು. ಹೊಸದು ಖಾನೆಯಲ್ಲೇ ಇತ್ತು, ಮುಂದಿನ ಸಲ ಎಂದು ಹೇಳಿದ್ದು ಅವನು ತೀರಿಕೊಂಡ ವಾರವೇ ಬಂದಿತ್ತು. ಅವಳು ಅದನ್ನು ಮುಟ್ಟಲಿಲ್ಲ. ಹಳೆಯದನ್ನೇ ಚಾರ್ಜಿಗೆ ಹಾಕಿದಳು.

"ಅದು ಕೆಟ್ಟಿದೆ ಅಂತಿದ್ದೆಯಲ್ಲ?" ಎಂದರು ಅತ್ತೆ.

"ಒಂದ್ಸಲ ನೋಡ್ಬೇಕು ಅತ್ತೆ."

ಮೂರು ಕಡ್ಡಿ ಚಾರ್ಜು ಬಂದ ಮೇಲೆ ತಂತಿ ಕಿತ್ತು, ಅವನ ಫೋನಿನಿಂದ ತನ್ನ ಫೋನಿಗೆ ಕರೆ ಮಾಡಿದಳು. ಗಡಿಯಾರದ ಗಂಟೆ ಬಡಿಯಿತು. ಒಂದು, ಎರಡು, ಮೂರು, ನಾಲ್ಕು. ಬಡಿಯುತ್ತಲೇ ಇತ್ತು, ಬಡಿದು ಬಡಿದು ತಾನಾಗಿ ದಣಿದು ನಿಂತಿತು. ಹಳೆಯ ಫೋನು ಉರಿಯುತ್ತಲೇ ಇತ್ತು. ಅಂದರೆ ಬ್ಯಾಟರಿ ಸತ್ತಿರಲಿಲ್ಲ. ಅಂದರೆ ಕತ್ತರಿಸಿದ್ದು ಅವನೇ. ತಲುಪಿದೆ ಎಂದೇ ಹೇಳಿದ್ದ. ಟವರಕ್ಕನ ಎದೆಯ ಮೇಲಿನ ಬಂಡೆಯೇ ಜಾರಿದಂತಾಗಿ, ಅತ್ತೆಯ ಕೈ ಹಿಡಿದು ನಕ್ಕುಬಿಟ್ಟಳು. ಎಷ್ಟೋ ದಿನದ ಮೇಲೆ ಬಂದ ನಗು. ಅವಳು ನಕ್ಕದ್ದು ನೋಡಿ ಅತ್ತೆಯೂ ಸ್ವಲ್ಪ ನಕ್ಕರು.

ಆ ಸುಖ ಇದ್ದದ್ದು ಅಂಗಡಿಯ ಬಾಗಿಲಿಗೆ ಸೂರ್ಯ ಬರುವವರೆಗೆ. ಅಷ್ಟರಲ್ಲಿ ಅವಳ ನಿಯಮ ಅವಳನ್ನೇ ಕುಕ್ಕತೊಡಗಿತ್ತು. ಇಲ್ಲಿ ಪೇಟೆ ನಡುವೆ ಟವರು ತಲೆಯ ಮೇಲೇ ಇದೆ, ಸಿಗ್ನಲ್ಲಿನ ಕಡ್ಡಿ ಪೂರ್ತಿ. ಪಂಪ್‌ಹೌಸಿನಲ್ಲಿ ಒಂದೇ ಕಡ್ಡಿ, ಅದೂ ಬಂದರೆ ಬಂತು. ಹತ್ತಿರದವರನ್ನು ಕರೆಯಲು ಮೆಲುದನಿ ಸಾಕು, ದೂರದವರನ್ನು ಕರೆಯಲು ಜೀವ ಹೋಗುವ ಹಾಗೆ ಕೂಗಬೇಕು. ಸಿಗ್ನಲ್ಲಿಲ್ಲದ ಕಡೆ ಫೋನೂ ಹಾಗೇ ಕೂಗುತ್ತದೆ, ಆ ಕೂಗಿಗೆ ಹಳೆಯ ಬ್ಯಾಟರಿಯ ಉಸಿರು ಸಾಲುವುದಿಲ್ಲ. ಅಂಗಡಿಯಲ್ಲಿ ಕೂತು ಹೇಳಿದ್ದು ಬರೀ ಊಹೆ. ಇಷ್ಟಕ್ಕೇ ಬಿಟ್ಟುಬಿಡಬಹುದಿತ್ತು. ಅವಳ ಜಾಗದಲ್ಲಿ ನಾನೋ ನೀವೋ ಆಗಿದ್ದರೆ ಬಿಡುತ್ತಿದ್ದೆವು. ಅವಳ ಕೈಲಿ ಆಗಲಿಲ್ಲ.

"ಪಂಪ್‌ಹೌಸಿಗೆ ಹೋಗಿ ಬರ್ತೀನಿ ಅತ್ತೆ. ನೀವು ಮನೆಗೆ ಹೋಗಿ."

"ನಾನೂ ಬರ್ತೀನಿ."

"ಕಾಲು ನೋಯುತ್ತೆ."

"ನನ್ನ ಕಾಲು, ನನ್ನ ನೋವು" ಎಂದರು ಅತ್ತೆ. ಟವರಕ್ಕ ಖಾನೆಯಲ್ಲಿದ್ದ ಹೊಸ ಬ್ಯಾಟರಿಯನ್ನೂ ಬ್ಯಾಗಿಗೆ ಹಾಕಿಕೊಂಡಳು. ಇಬ್ಬರೂ ಆಟೋ ಹತ್ತಿ ಹೋದರು.

ಹೊಸದಾಗಿ ಬಂದಿದ್ದ ಪಂಪಿನವನು ಗೇಟು ತೆಗೆದ. ಇವರು ಯಾರೆಂದು ತಿಳಿದ ಮೇಲೆ ಒಳಗೆ ಹೋದ. ಅತ್ತೆ ನೆಟ್ಟಗೆ ಹೋಗಿ ಆ ಸಿಮೆಂಟ್ ಕಟ್ಟೆಯ ಮೇಲೆ, ಗೋಡೆಗೆ ಒರಗಿ, ಮಗ ಕೂತಿದ್ದ ಕಡೆಯೇ ಕೂತರು. ಕೈ ನೀಡಿ, "ಕೊಡು, ನಾನು ಹಿಡ್ಕೋತೀನಿ" ಎಂದರು. ಟವರಕ್ಕ ತನ್ನ ನಂಬರು ಒತ್ತಿ ಅವನ ಫೋನನ್ನು ಅವರ ಅಂಗೈಯಲ್ಲಿಟ್ಟಳು. ತನ್ನದನ್ನು ತಾನು ಹಿಡಿದುಕೊಂಡು ಎದುರಿಗೆ ನಿಂತಳು. ಒಳಗೆ ಪಂಪು ಗುಂಯ್ ಎನ್ನುತ್ತಿತ್ತು.

ಗಂಟೆ ಬಡಿಯಿತು. ಒಂದು. ಆಗಲೇ ಅತ್ತೆಯ ಕೈಯಲ್ಲಿದ್ದ ಫೋನು ಕಣ್ಣು ಮುಚ್ಚಿತು. ಪರದೆ ಕಪ್ಪಗಾಯಿತು. ಆದರೆ ಕರೆಯುವ ಫೋನು ಆರಿದ್ದು ಟವರಿಗೆ ತಿಳಿಯಲು ಒಂದು ಗಳಿಗೆ ಬೇಕು. ಆ ಗಳಿಗೆಯಲ್ಲಿ ಟವರಕ್ಕನ ಕೈಯಲ್ಲಿ ಗಂಟೆ ಇನ್ನೊಮ್ಮೆ ಬಡಿಯಿತು. ಎರಡು. ನಿಂತಿತು.

ಅವಳು ಮತ್ತೆ ಹಚ್ಚಿ ಮತ್ತೆ ನೋಡಿದಳು. ಒಂದು. ಕತ್ತಲೆ. ಎರಡು. ಅಷ್ಟೇ. ಮೂರನೆಯ ಸಲ ಹಚ್ಚಲು ಹೋದಾಗ ಅತ್ತೆ ಫೋನನ್ನು ಮುಷ್ಟಿಯಲ್ಲಿ ಮುಚ್ಚಿಕೊಂಡರು.

"ತಲುಪಿದ" ಎಂದರು.

ಟವರಕ್ಕ ಅವರ ಮುಖ ನೋಡಿದಳು. ಫೋನು ಆರಿದ್ದನ್ನು ಅತ್ತೆ ತಮ್ಮ ಕೈಯಲ್ಲೇ ನೋಡಿದ್ದರು. ನೋಡಿಯೂ ಹೇಳಿದ್ದರು.

"ಕೂತ್ಕೋ" ಎಂದರು ಅತ್ತೆ, ಪಕ್ಕದಲ್ಲಿ ಜಾಗ ಮಾಡುತ್ತಾ. "ಇವತ್ತು ಗೊತ್ತಾಗಿದ್ದಲ್ಲ ನನಗೆ. ಅವತ್ತು ಟೀ ಎರಡು ಸಲ ಆರಿತ್ತು. ಅವನು ಅಷ್ಟು ತಡ ಮಾಡಿದವನೇ ಅಲ್ಲ. ಬೀಗವೂ ತೆಗೆದಿರಲಿಲ್ಲ ಅಂದ್ರು. ಬೀಗ ತೆಗೆದ ಮೇಲೇ ರಿಂಗ್ ಕೊಡೋದು ಅಂತ ಅವನೇ ಒಂದ್ಸಲ ಹೇಳಿದ್ದ. ಹೆತ್ತವಳಿಗೆ ಅಷ್ಟೂ ತಿಳಿಯಲ್ವಾ? ನಿನ್ನ ಮುಖ ನೋಡ್ದೆ. ನೀನು ಉಳಿಯಲ್ಲ ಅನ್ನಿಸ್ತು. ಅದಕ್ಕೇ ಬಂದವರಿಗೆಲ್ಲ ತಲುಪಿದ, ತಲುಪಿದ ಅಂತ ಹೇಳ್ತಾ ಬಂದೆ. ನಿನ್ನ ಕಿವಿಗೆ ಬೀಳಲಿ ಅಂತ."

ಇವಳು ಅತ್ತೆಗಾಗಿ ಬಾಯಿ ಮುಚ್ಚಿದ್ದಳು, ಅತ್ತೆ ಇವಳಿಗಾಗಿ ಬಾಯಿ ತೆರೆದಿದ್ದರು. ಒಂದೇ ಮನೆಯಲ್ಲಿ, ಒಂದೇ ಒಲೆಯ ಮುಂದೆ, ಇಬ್ಬರೂ ಒಂದೇ ಬೆಂಕಿಯನ್ನು ಸೆರಗಿನಲ್ಲಿ ಕಟ್ಟಿಕೊಂಡು ಓಡಾಡಿದ್ದರು. ಟವರಕ್ಕ ಕಟ್ಟೆಯ ಮೇಲೆ ಕುಸಿದು ಕೂತಳು. ಗಂಡ ಹೋದ ದಿನವೂ ಹೀಗೆ ಅತ್ತಿರಲಿಲ್ಲ ಅವಳು.

"ನನ್ನ ಕರೆದ್ರು ಅತ್ತೆ. ನಾನು ಎತ್ತಲಿಲ್ಲ. ಹೊಸ ಬ್ಯಾಟರಿ ಬಂದಿತ್ತು, ಬೇರೆಯವರಿಗೆ ಕೊಟ್ಟೆ. ಅವರು ಕರೆದ್ರು, ನಾನು ಎತ್ತಲಿಲ್ಲ."

ನಿನ್ನ ತಪ್ಪಿಲ್ಲ, ವಿಧಿ, ಹಣೆಬರಹ ಎಂದು ಯಾರು ಬೇಕಾದರೂ ಹೇಳುತ್ತಿದ್ದರು. ಅತ್ತೆ ಅದೊಂದನ್ನೂ ಹೇಳಲಿಲ್ಲ. ಸೊಸೆಯ ತಲೆಯನ್ನು ತಮ್ಮ ಹೆಗಲಿಗೆ ಎಳೆದುಕೊಂಡು, ಕೂದಲು ಸರಿಮಾಡಿ ಹೇಳಿದರು:

"ಹೂಂ. ಕರೆದ. ನಿನ್ನನ್ನಲ್ಲದೆ ಇನ್ಯಾರನ್ನ ಕರೀತಾನೆ ಅವನು?"

ಅಲ್ಲೇ ಆ ಕಟ್ಟೆಯ ಮೇಲೆ ಕೂತು, ಬಹಳ ಹೊತ್ತಿನ ಮೇಲೆ, ಟವರಕ್ಕ ಬ್ಯಾಗಿನಿಂದ ಹೊಸ ಬ್ಯಾಟರಿ ತೆಗೆದು ಹಾಕಿಕೊಟ್ಟಳು. ರಬ್ಬರ್ ಬ್ಯಾಂಡ್ ಬದಲಾಯಿಸಲು ಅತ್ತೆ ಬಿಡಲಿಲ್ಲ.

ಈಗ ಬೆಳಿಗ್ಗೆ ಅಂಗಡಿ ಬಾಗಿಲು ತೆಗೆದ ಕೂಡಲೇ ಅವಳು ಮನೆಗೆ ಫೋನು ಮಾಡುತ್ತಾಳೆ. ಮೊದಲನೆಯ ರಿಂಗಿಗೇ ಅತ್ತೆ ಎತ್ತುತ್ತಾರೆ. ತಲುಪಿದೆ ಎಂದು ಇವಳು, ಹೂಂ ಎಂದು ಅವರು. ಆಮೇಲೆ ಹೇಳಲು ಇಬ್ಬರಿಗೂ ಏನೂ ಇರುವುದಿಲ್ಲ. ಆದರೂ ಇಬ್ಬರಲ್ಲಿ ಯಾರೂ ಮೊದಲು ಇಡುವುದಿಲ್ಲ. ಟೀ ಆರುತ್ತಿದೆ ಅತ್ತೆ, ಕುಡೀರಿ ಎಂದು ಕೊನೆಗೆ ಇವಳೇ ಹೇಳಬೇಕು.